ಪ್ರತಿಯ ಪ್ರತಿಯಲ್ಲಿ ದನಿ ಮಸುಕಾಗುವುದೇಕೆ?

ಭಾವಗೀತೆಯ ಧ್ವನಿಸುರುಳಿಯೊಂದು ಬೀದಿಗೆ ಬಂದರೆ ಹತ್ತು ಮನೆಗಳಲ್ಲಿ ಅದರ ಪ್ರತಿಯಾಗುತ್ತಿದ್ದ ಕಾಲವೊಂದಿತ್ತು. ಮೊದಲ ಪ್ರತಿ ಪರವಾಗಿಲ್ಲ. ಅದರಿಂದ ತೆಗೆದದ್ದು ಸ್ವಲ್ಪ ಮಬ್ಬು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ತಾಳದ ಕಿಣಿಕಿಣಿ ಮಾಯವಾಗಿ, ಗಾಯಕರ ಜೊತೆ 'ಸುಯ್' ಎಂಬ ಬೇಡದ ಶ್ರುತಿಯೊಂದು ಸೇರಿಕೊಂಡಿರುತ್ತಿತ್ತು. ಬೈಗುಳವೆಲ್ಲ ಟೇಪ್ ರೆಕಾರ್ಡರಿಗೆ!

ತಪ್ಪು ಯಂತ್ರದ್ದಷ್ಟೇ ಅಲ್ಲ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ಟಿನಲ್ಲಿ ಟೇಪಿನ ಅಗಲ 4 ಮಿಲಿಮೀಟರಿಗೂ ಕಡಿಮೆ. ಅದು ಓಡುವ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಅದಕ್ಕೆ ಬಳಿದಿರುವ ಕಬ್ಬಿಣದ ಆಕ್ಸೈಡಿನ ಕಣಗಳು ಕಾಂತತ್ವ ಪಡೆದು ಧ್ವನಿಯನ್ನು ಹಿಡಿದಿಡುತ್ತವೆ. ಈ ಕಣಗಳು ಅಡ್ಡಾದಿಡ್ಡಿಯಾಗಿ ಹರಡಿರುವುದರಿಂದ ಖಾಲಿ ಟೇಪಿನಲ್ಲೂ ಸಣ್ಣ ಸದ್ದು ಇದ್ದೇ ಇರುತ್ತದೆ. ಪ್ರತಿ ತೆಗೆದಾಗ ಹಳೆಯ ಟೇಪಿನ ಸದ್ದಿಗೆ ಹೊಸದರ ಸದ್ದೂ ಕೂಡುತ್ತದೆ. ಎರಡೂ ಒಂದೇ ಗುಣಮಟ್ಟದವಾದರೆ ಆ ಸದ್ದಿನ ಶಕ್ತಿ ಇಮ್ಮಡಿ, ಅಂದರೆ 3 ಡೆಸಿಬೆಲ್ ಹೆಚ್ಚು. ಹೆಡ್ ಕೊಂಚ ಓರೆಯಾಗಿದ್ದರೆ ಮೇಲಿನ ಸ್ವರಗಳ ಹೊಳಪು ಸೋರಿಹೋಗುತ್ತದೆ. ಮೋಟಾರಿನ ವೇಗ ಏರುಪೇರಾದರೆ ತಂಬೂರಿಯೂ ನಡುಗುತ್ತದೆ.

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಈ ಲೆಕ್ಕವನ್ನೇ ಬದಲಿಸಿತು. ಅದರಲ್ಲಿರುವುದು ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ಬರೆದ ಅಂಕಿಗಳು. ಮಗ್ಗಿಯನ್ನು ಎಷ್ಟೇ ಸೊಟ್ಟ ಅಕ್ಷರದಲ್ಲಿ ನಕಲು ಮಾಡಿದರೂ ಐದೆಂಟ್ಲೆ ನಲವತ್ತೇ ತಾನೆ? ಅಂಕಿ ತಪ್ಪದಿದ್ದರೆ ನೂರನೆಯ ಪ್ರತಿಯೂ ಮೂಲದಷ್ಟೇ ಚೆನ್ನ.

ಎಂಪಿ3 ಕಥೆ ಬೇರೆ. ಕಿವಿಗೆ ಅಷ್ಟಾಗಿ ತಿಳಿಯದೆಂದು ಲೆಕ್ಕಹಾಕಿದ್ದನ್ನೆಲ್ಲ ಅದು ಬಿಸಾಡುತ್ತದೆ. 128 ಕಿಲೋಬಿಟ್ ಎಂಪಿ3ಯಲ್ಲಿ ಉಳಿಯುವ ಮಾಹಿತಿ ಸಿ.ಡಿ.ಯ ಹನ್ನೊಂದನೆಯ ಒಂದು ಪಾಲು. ಕಡತವನ್ನು ಇದ್ದಂತೆಯೇ ನಕಲಿಸಿದರೆ ನಷ್ಟವಿಲ್ಲ. ಮತ್ತೆ ಮತ್ತೆ ಕುಗ್ಗಿಸಿದರೆ ಟೇಪಿನ ಗತಿಯೇ. ಅದನ್ನೇ 320 ಕಿಲೋಬಿಟ್‌ಗೆ ಏರಿಸಿದರೆ ಕಡತ ದಪ್ಪವಾಗುತ್ತದೆಯೇ ಹೊರತು ಹೋದದ್ದು ಬರುವುದಿಲ್ಲ.

ಅಜ್ಜಿಯ ಸೋಬಾನೆಯೋ ಊರಿನ ತಾಳಮದ್ದಳೆಯೋ ಇರುವ ಕ್ಯಾಸೆಟ್ ಹಲವು ಮನೆಗಳ ಅಟ್ಟದಲ್ಲಿದೆ. ಅಂಗಡಿಯ ಹಾಡು ಇನ್ನೊಂದೆಡೆ ಸಿಕ್ಕೀತು, ಇದು ಸಿಗದು. ರಜೆಯಲ್ಲಿ ಮಕ್ಕಳು ಅದನ್ನು ಕಂಪ್ಯೂಟರಿಗೆ ಏರಿಸುವುದಾದರೆ, ನೆಂಟರ ಮನೆಯ ಪ್ರತಿಯಿಂದಲ್ಲ, ಮೊದಲು ಧ್ವನಿಮುದ್ರಿಸಿದ ಟೇಪಿನಿಂದಲೇ ಏರಿಸಬೇಕು. ವೇವ್ ಕಡತವಾಗಿ ಉಳಿಸಿದರೆ ಸಿ.ಡಿ. ಗುಣಮಟ್ಟದಲ್ಲಿ ಗಂಟೆಗೆ ಸುಮಾರು 635 ಎಂಬಿ ಬೇಕು; ಇಂದಿನ ಪೆನ್‌ಡ್ರೈವಿಗೆ ಅದು ಭಾರವಲ್ಲ. ಅದಕ್ಕೂ ಮೊದಲು ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಎಸಳುಗಳನ್ನು ಮುರಿದುಬಿಡಬೇಕು. ಆಮೇಲೆ ಯಾರು ಕೆಂಪು ಗುಂಡಿ ಒತ್ತಿದರೂ ಅಜ್ಜಿಯ ಹಾಡಿನ ಮೇಲೆ ಇನ್ನೇನೂ ದಾಖಲಾಗದು.