ಕಾರಿನ ಕೆಳಗೆ ಕಪ್ಪು ಕಲೆ ಕಂಡರೆ



ಕುಕ್ಕರಿನ ಗ್ಯಾಸ್ಕೆಟ್ ಸಡಿಲಾದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಸುತ್ತಲೂ ಹಬೆ ಸೋರಿ ಬೇಳೆ ಬೇಯುವುದಿಲ್ಲ, ಗ್ಯಾಸೂ ದಂಡ. ಕಾರಿನ ಇಂಜಿನ್ನಿಗೂ ಅಂಥದೇ ಒಂದು ಗ್ಯಾಸ್ಕೆಟ್ ಉಂಟು. ಇಂಜಿನ್ನಿನ ತಳದಲ್ಲಿ ಆಯಿಲ್ ತುಂಬಿಕೊಂಡಿರುವ ಪಾತ್ರೆಗೆ ಗ್ಯಾರೇಜಿನವರು ‘ಚೇಂಬರ್’ ಅನ್ನುತ್ತಾರೆ. ಅದರ ಅಂಚಿಗೂ ಇಂಜಿನ್ನಿಗೂ ನಡುವೆ ಕೂರುವ ಪಟ್ಟಿಯೇ ‘ಪ್ಯಾಕಿಂಗ್’. ವರ್ಷಗಟ್ಟಲೆ ಬಿಸಿ ತಿಂದು ಅದು ಒಣಗಿ ಬಿರುಕು ಬಿಟ್ಟರೆ ಆಯಿಲ್ ತೊಟ್ಟಿಕ್ಕುತ್ತದೆ.

‘ಕಾರಿನ ವಿಷಯ ಗಂಡಸರದ್ದು’ ಅನ್ನಬೇಡಿ. ಬೆಳಿಗ್ಗೆ ಎದ್ದು ಪೋರ್ಟಿಕೋ ಗುಡಿಸುವವರು ನಾವು; ಕಲೆ ಮೊದಲು ಕಾಣುವುದು ನಮ್ಮ ಕಣ್ಣಿಗೇ.

ರಾತ್ರಿ ಕಾರಿನಡಿ ಹಳೇ ನ್ಯೂಸ್ ಪೇಪರ್ ಹಾಸಿಡಿ. ಬರೀ ನೀರಾದರೆ ಏ.ಸಿ.ಯದ್ದು, ಚಿಂತೆಯಿಲ್ಲ. ಹಸಿರೋ ಗುಲಾಬಿಯೋ ಬಣ್ಣದ ನೀರಾದರೆ ರೇಡಿಯೇಟರಿನದ್ದು. ಕಂದು ಇಲ್ಲವೇ ಕಪ್ಪಾಗಿ ಜಿಡ್ಡಿದ್ದರೆ ಇಂಜಿನ್ ಆಯಿಲ್ ಇರಬಹುದು.

ಹೋದ ಮಳೆಗಾಲದಲ್ಲಿ ನಮ್ಮ ಕಾರೂ ಹೀಗೇ ಸೋರಿತು. ಒಂದು ವರ್ಕ್‌ಶಾಪಿನವರು ನೋಡಿದ ಕೂಡಲೇ “ಇಂಜಿನ್ನೇ ಇಳಿಸ್ಬೇಕಮ್ಮ” ಅಂದುಬಿಟ್ಟರು. ಹಾಗಾದರೆ ಮಗಳ ಕಾಲೇಜು ಫೀಸಿಗೆಂದು ತೆಗೆದಿಟ್ಟ ದುಡ್ಡಿಗೇ ಕೈ ಹಾಕಬೇಕು! “ಎಲ್ಲಿಂದ ಸೋರ್ತಿದೆ, ಒರೆಸಿ ತೋರ್ಸಿ” ಅಂದೆ. ಒಪ್ಪಲಿಲ್ಲ. ಗಾಡಿ ವಾಪಸ್ ತಂದು, ಪೇಟೆಯ ಹಳೇ ಮೇಸ್ತ್ರಿಯೊಬ್ಬರ ಹತ್ತಿರ ಒಯ್ದೆವು. ಅವರು ಎಲ್ಲ ಒರೆಸಿ, ಇಂಜಿನ್ ಓಡಿಸಿ, ಟಾರ್ಚ್ ಬಿಟ್ಟು ತೋರಿಸಿದರು. ಮೇಲಿನ ಟ್ಯಾಪೆಟ್ ಕವರಿನಿಂದ ಇಳಿದದ್ದೂ, ಆಯಿಲ್ ಬಿಡುವ ಬೋಲ್ಟಿನ ವಾಷರಿನಿಂದ ಸೋರಿದ್ದೂ ಕೊನೆಗೆ ಚೇಂಬರಿನ ಕೆಳಗೇ ಹನಿಯುತ್ತದಂತೆ. ನಮ್ಮದು ಮಾತ್ರ ಚೇಂಬರಿನ ಪ್ಯಾಕಿಂಗೇ.

ಅಲ್ಲೇ ಕೂತು ನೋಡಿದ್ದನ್ನು ಹೇಳುತ್ತೇನೆ. ಜಾಕ್ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟರು. ಬರೀ ಜಾಕ್ ನಂಬಿ ಯಾರೂ ಗಾಡಿಯಡಿ ಹೋಗಬಾರದು. ಆಯಿಲ್ ಇಳಿಸಿ, ಸುತ್ತಲಿನ ಬೋಲ್ಟು ಬಿಚ್ಚಿ, ಚೇಂಬರ್ ತೆಗೆದರು. ಹಳೇ ಪ್ಯಾಕಿಂಗ್ ಚೂರೂ ಉಳಿಯದಂತೆ ಕೆರೆದು, ಅಂಚು ಸೊಟ್ಟಗಾಗಿದೆಯೇ ನೋಡಿದರು. ಹೊಸದನ್ನು ಕೂರಿಸಿ, ಮೂಲೆಗಳಿಗೆ ಮಾತ್ರ ತುಸು ಗಮ್. ಗಮ್ ಹೆಚ್ಚಾದರೆ ಒಳಗೆ ಉದುರಿ, ಆಯಿಲ್ ಎಳೆಯುವ ಜಾಲರಿ ಕಟ್ಟಿಕೊಂಡು ಇಂಜಿನ್ನಿಗೇ ಕುತ್ತು. ಬೋಲ್ಟುಗಳನ್ನು ಮೊದಲು ಕೈಯಲ್ಲಿ ತಿರುಗಿಸಿ, ಆಮೇಲೆ ನಡುವಿನಿಂದ ಶುರುಮಾಡಿ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದರು. ಅತಿ ಬಿಗಿಯಾದರೆ ಅಂಚು ಬಾಗಿ ಮತ್ತೆ ಸೋರುತ್ತದೆ. ಗಮ್ ಒಣಗುವ ತನಕ ಕಾದು, ಹೊಸ ಆಯಿಲ್ ಸುರಿದು, ಇಂಜಿನ್ ಓಡಿಸಿ, ಮತ್ತೆ ಕೆಳಗೆ ಇಣುಕಿದರು. ಒಟ್ಟು ಅರ್ಧ ದಿನ. ಇಂಜಿನ್ ಇಳಿಸಲೇ ಇಲ್ಲ!

ಎಲ್ಲ ಕಾರೂ ಹೀಗೇ ಅಲ್ಲ. ಕೆಲವದರಲ್ಲಿ ಸೈಲೆನ್ಸರ್ ಪೈಪೋ ಅಡ್ಡಪಟ್ಟಿಯೋ ಬಿಚ್ಚಬೇಕಾಗಿ ಕೂಲಿ ಹೆಚ್ಚುತ್ತದೆ. ಕೆಲವು ಹೊಸ ಗಾಡಿಗಳಿಗೆ ಪ್ಯಾಕಿಂಗೇ ಇಲ್ಲ, ಬರೀ ಗಮ್. ಆದ್ದರಿಂದ ಒಪ್ಪುವ ಮೊದಲು ಸೋರುವ ಜಾಗ ತೋರಿಸಲು ಹೇಳಿ, ಸಾಮಾನಿಗೆಷ್ಟು ಕೂಲಿಗೆಷ್ಟು ಬೇರೆಬೇರೆ ಕೇಳಿ, ಹಳೇ ಪ್ಯಾಕಿಂಗ್ ನೋಡಿ.

ರಿಪೇರಿ ಆಗುವ ತನಕ ವಾರಕ್ಕೆರಡು ಸಲವಾದರೂ, ಸಮತಟ್ಟು ಜಾಗದಲ್ಲಿ, ಇಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಅಳತೆಕಡ್ಡಿ ಎಳೆದು ನೋಡಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ದಾರಿಯಲ್ಲಿ ಕೆಂಪು ಆಯಿಲ್ ದೀಪ ಹತ್ತಿದರೆ, ಯಜಮಾನರು “ಇನ್ನೇನು ಊರು ಬಂತು” ಅಂದರೂ ಸರಿ, ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆಫ್ ಮಾಡಿಸಿ. ಆಯಿಲ್ ಇಲ್ಲದೆ ಓಡಿದ ಇಂಜಿನ್ ಕೆಲವೇ ನಿಮಿಷದಲ್ಲಿ ಕಚ್ಚಿಕೊಂಡೀತು. ಬರೀ ಪ್ಯಾಕಿಂಗಿಗೆ ಹೋಗಬೇಕಾದ ಖರ್ಚು ಇಂಜಿನ್ನಿನ ಖರ್ಚಿಗೆ ಏರುವುದು ಹಾಗೆಯೇ.

ಇನ್ನು ನೆಲದ ಕಲೆ: ಮರದ ಹೊಟ್ಟನ್ನೋ ಒಲೆಯ ತಣ್ಣನೆ ಬೂದಿಯನ್ನೋ ಉದುರಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಗುಡಿಸಿ, ಸೋಪಿನ ಪುಡಿ ಹಾಕಿ ಬ್ರಷ್ಷಿನಲ್ಲಿ ಉಜ್ಜಿ. ಇಳಿಸಿದ ಹಳೇ ಆಯಿಲ್ಲನ್ನು ಚರಂಡಿಗೂ ತೆಂಗಿನ ಬುಡಕ್ಕೂ ಸುರಿಯಬೇಡಿ; ಗ್ಯಾರೇಜಿನಲ್ಲೇ ಡಬ್ಬಕ್ಕೆ ಹಾಕಿಸಿಬಿಡಿ.