ಕೂತೋನ ಚಳಿಯೇ ಬೇರೆ, ನಡೆಯೋನ ಚಳಿಯೇ ಬೇರೆ

ರಾಗಿ ಕೊಯ್ಲು ಮುಗೀತಾ ಬಂತು, ಅಜ್ಜಂಪುರ ಕಡೆ ಕಡಲೆ ಎದ್ದು ನಿಂತಿದೆ, ತರೀಕೆರೆ ಕಡೆ ಅಡಿಕೆ ಅಂಗಳಕ್ಕೆ ಬಿದ್ದಿದೆ. ಅಂದ್ರೆ ನಮ್ಮಲ್ಲಿ ಅರ್ಧ ಜನ ರಾತ್ರಿ ಮನೇಲಿ ಮಲಗೋ ಹಾಗಿಲ್ಲ. ಇವತ್ತು ಗೊಬ್ಬರ, ಔಷಧಿ ವಿಷಯ ಬಿಟ್ಟು ಮೈಮೇಲೆ ಹಾಕ್ಕೊಳ್ಳೋ ಬಟ್ಟೆ ಬಗ್ಗೆ ಬರೀತೀನಿ. ನಗಬೇಡಿ, ಪೂರ್ತಿ ಓದಿ.

ಹೋದ ವರ್ಷ ಡಿಸೆಂಬರ್‌ನಲ್ಲಿ ನಮಗೆ ತ್ರೀಫೇಸ್ ಬರ್ತಿದ್ದದ್ದು ರಾತ್ರಿ ಒಂದು ಗಂಟೆಗೆ. ಮೊಬೈಲ್ ಸ್ಟಾರ್ಟರ್ ಹಾಕಿಸಿದ್ರೂ ವಾಲ್ವ್ ತಿರುಗಿಸೋಕೆ, ಟ್ರಿಪ್ ಆದ್ರೆ ನೋಡೋಕೆ ಆಳು ಅಲ್ಲಿರಲೇಬೇಕು. ಅವತ್ತು ನನಗೆ ಜ್ವರ, ಅಪ್ಪನೇ ಹೋದ್ರು. ಆ ವಾರ ತಾನೇ 1,600 ರೂಪಾಯಿ ಕೊಟ್ಟು ಅವರಿಗೊಂದು ದಪ್ಪ ಜರ್ಕಿನ್ ತಂದಿದ್ದೆ. ಇನ್ನೇನು ಭಯ ಅಂತ ಸುಮ್ಮನಾದೆ. ಮೂರು ಗಂಟೆ ಆದ್ರೂ ಬರಲಿಲ್ಲ. ಹೋಗಿ ನೋಡಿದ್ರೆ ಪಂಪ್ ಮನೆಯ ಸಿಮೆಂಟ್ ಕಟ್ಟೆ ಮೇಲೆ ಕೂತು ಹಲ್ಲು ಕಟಕಟ ಅಂತಿದ್ದಾರೆ. ವಾಲ್ವ್ ತಿರುಗಿಸಿ ಒದ್ದೆಯಾದ ಬೆರಳು ಮಡಚೋಕೇ ಬರ್ತಿಲ್ಲ. ಅದೇ ಕೈಯಲ್ಲಿ ಸ್ಟಾರ್ಟರ್ ಬಾಕ್ಸ್ ತೆಗೆಯೋಕೆ ಹೋಗಿದ್ರಂತೆ! ನನ್ನ ಜೀವ ಬಾಯಿಗೆ ಬಂತು. ಅವರು ಹೇಳಿದ್ದು ಇಷ್ಟೇ: "ಜರ್ಕಿನ್ ಚೆನ್ನಾಗೈತೆ ಕಣೋ, ಚಳಿ ಹತ್ತೋದು ಬುಡದಿಂದ."

ಆ ಮಾತು ತಲೇಲಿ ಕೂತುಬಿಡ್ತು. ಆಮೇಲೆ ಯೋಚನೆ ಮಾಡಿದ್ರೆ ತಪ್ಪು ಜರ್ಕಿನ್‌ದಲ್ಲ, ತಂದ ನನ್ನದು. ಸುಮ್ನೆ ಕೂತ ಮನುಷ್ಯನ ಮೈ ಹಳೇ ಕಾಲದ 100 ವ್ಯಾಟ್ ಬಲ್ಬಿನಷ್ಟು ಶಾಖ ಕೊಡುತ್ತೆ. ಬಿರುಸಾಗಿ ನಡೆದ್ರೆ ಅದರ ಮೂರರಷ್ಟು. ಅಂಗಡಿಯಲ್ಲಿ ಹಾಕ್ಕೊಂಡು ನಾಲ್ಕು ಹೆಜ್ಜೆ ಓಡಾಡಿದಾಗ ಬೆಚ್ಚಗಿದೆ ಅನ್ಸೋ ಬಟ್ಟೆ, ಬದುವಿನ ಮೇಲೆ ಎರಡು ಗಂಟೆ ಕೂತಾಗ ಸಾಲದು. ಅದಕ್ಕೇ ಕೂತು ಕಾಯೋನಿಗೆ ಬಟ್ಟೆ ಆರಿಸೋ ಲೆಕ್ಕವೇ ಬೇರೆ. ನನ್ನ ಪ್ರಕಾರ ದುಡ್ಡು ಈ ಕ್ರಮದಲ್ಲಿ ಖರ್ಚಾಗಬೇಕು.

ಮೊದಲು ಕೆಳಗೆ. ಸಿಮೆಂಟ್ ಕಟ್ಟೆ, ಕಲ್ಲು, ಹಸಿ ನೆಲ ಮೈಶಾಖ ಹೀರ್ತಾನೇ ಇರುತ್ತೆ. ಎರಡು ಗೋಣಿಚೀಲದೊಳಗೆ ಒಣಹುಲ್ಲು ತುಂಬಿ ಹೊಲಿದ್ರೆ ಖರ್ಚು ಸೊನ್ನೆ. ಕಾಲಡಿಗೂ ಒಂದು ಹಾಕ್ಕೊಳ್ಳಿ.

ಎರಡನೇದು ತಲೆ, ಕುತ್ತಿಗೆ, ಪಾದ. ಮಂಕಿ ಟೋಪಿ, ಮಫ್ಲರ್, ಒಣಗಿದ ಕಾಲುಚೀಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಎಳೆಯುತ್ತೆ, ಅದಕ್ಕೇ ಒದ್ದೆ ಕಾಲುಚೀಲ ಹಾಕ್ಕೊಳ್ಳೋದಕ್ಕಿಂತ ಬರಿಗಾಲು ಒರೆಸಿ ಗೋಣಿಚೀಲದೊಳಗೆ ಇಟ್ಕೊಳ್ಳೋದು ವಾಸಿ. ಜೇಬಲ್ಲಿ ಒಂದು ಒಣ ಟವೆಲ್ ಇರಲಿ, ಸ್ಟಾರ್ಟರ್ ಮುಟ್ಟೋ ಮುಂಚೆ ಕೈ ಒರೆಸೋಕೆ.

ಮೂರನೇದು ಮೈಗೆ. ಇಲ್ಲಿ ನನ್ನ ಓಟು ಕಂಬಳಿಗೆ. ಕುರಿ ಉಣ್ಣೆಯ ಕರಿ ಕಂಬಳಿ ತನ್ನ ತೂಕದ ಕಾಲುಭಾಗದಷ್ಟು ತೇವ ಹೀರಿದ್ರೂ ಬೆಚ್ಚಗಿರುತ್ತೆ. ಹತ್ತಿ ಬಟ್ಟೆ ಇಬ್ಬನಿಗೆ ನೆನೆದ್ರೆ ಮೈಗೆ ಅಂಟಿ ಚಳಿ ಜಾಸ್ತಿ ಮಾಡುತ್ತೆ. ಕೈಮಗ್ಗದ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿರ್ತಾರೆ, ನೇಯ್ಗೆ ಬಿಗಿಯಾಗಿ ಗಾಳಿ ತಡೆಯುತ್ತೆ. ನಮ್ಮ ಕಾವಲುಗಳಲ್ಲಿ ಕುರಿ ಮೇಯಿಸೋರು ಕೊಪ್ಪೆ ಹಾಕ್ಕೊಂಡು ಕೂತಿರೋದು ನೋಡಿ. ತಲೆಯಿಂದ ಮೊಣಕಾಲವರೆಗೆ ಒಂದೇ ಗೂಡು, ಒಳಗಿನ ಗಾಳಿ ಅಲ್ಲಾಡಲ್ಲ. ಯಾವ ಜರ್ಕಿನ್ನೂ ತೊಡೆ ಮುಚ್ಚಲ್ಲ. ಬೀಡಿ ಕಿಡಿ ಬಿದ್ರೂ ಉಣ್ಣೆ ಕರಕಲಾಗಿ ಅಲ್ಲೇ ಆರುತ್ತೆ. ನೈಲಾನ್ ಕರಗಿ ಚರ್ಮಕ್ಕೆ ಅಂಟುತ್ತೆ.

ಆದ್ರೆ ಕೊಳ್ಳುವಾಗ ಹುಷಾರು. "ಉಲ್ಲನ್" ಅಂತ ಕೊಡೋ ರಗ್ಗುಗಳಲ್ಲಿ ಎಷ್ಟೋ ಪಾಣಿಪತ್‌ನಲ್ಲಿ ಹಳೇ ಬಟ್ಟೆ ಚಿಂದಿ ಮಾಡಿ ನೂಲು ತೆಗೆದು ನೇಯ್ದಂಥವು. ಕಡಿಮೆ ಬೆಲೆಗೆ ಅವೂ ಮನೆಯೊಳಗೆ ಹೊದೆಯೋಕೆ ಸರಿ, ಆದ್ರೆ ಕಂಬಳಿ ಬೆಲೆ ಕೊಡಬೇಡಿ. ಅಂಚಿಂದ ಒಂದೆಳೆ ಕಿತ್ತು ಬೆಂಕಿಗೆ ಹಿಡೀರಿ. ಕೂದಲು ಸುಟ್ಟ ವಾಸನೆ ಬಂದು ಪುಡಿಯಾದ್ರೆ ಉಣ್ಣೆ. ಪ್ಲಾಸ್ಟಿಕ್ ವಾಸನೆ ಬಂದು ಗಟ್ಟಿ ಮಣಿ ಆದ್ರೆ ಅಲ್ಲ. ಒಳ್ಳೇ ಕಂಬಳಿಗೆ ಜರ್ಕಿನ್‌ಗಿಂತ ಜಾಸ್ತಿ ಕೊಡಬೇಕಾಗಬಹುದು, ಚುಚ್ಚುತ್ತೆ, ಭಾರ, ನೆನೆದ್ರೆ ಒಣಗೋಕೆ ದಿನ ಬೇಕು. ಎಲ್ಲ ನಿಜ. ಆದ್ರೂ ಜೋಪಾನ ಮಾಡಿದ್ರೆ ಎಷ್ಟೋ ವರ್ಷ ಬರುತ್ತೆ. ನನ್ನ ಜರ್ಕಿನ್ ಜಿಪ್ ಎರಡನೇ ತಿಂಗಳಿಗೇ ಕಿತ್ತು ಬಂತು.

ಹಾಗಂತ ಎಲ್ಲರಿಗೂ ಒಂದೇ ಮಾತಲ್ಲ. ಕಡೂರು ಬಯಲಲ್ಲಿ ಒಣ ಗಾಳಿ ಜೋರು. ಗಾಳಿ ತೂರದ ಹಳೇ ಜರ್ಕಿನ್ ಒಳಗೆ ಒಂದು ಸ್ವೆಟರ್, ಮೇಲೆ ಕಂಬಳಿ. ಅಜ್ಜಂಪುರ, ಶಿವನಿ ಕಡೆ ಎರೆ ನೆಲ, ಕಡಲೆ ಹೊಲದಲ್ಲಿ ಬೆಳಗಿನ ಜಾವ ಇಬ್ಬನಿ. ಕೂರೋ ಜಾಗ ಎತ್ತರದ ಅಟ್ಟಣೆ ಆದ್ರೆ ಅರ್ಧ ಚಳಿ ಕಮ್ಮಿ, ತಲೆ ಮೇಲೆ ತಾಡಪಾಲು ಇರಲಿ. ತರೀಕೆರೆ ಕಡೆ ಭದ್ರಾ ನಾಲೆ ತೇವ, ಮಲೆನಾಡ ಮಂಜು. ಅಡಿಕೆ ಕಾಯೋರು ಅಂಗಳದಲ್ಲಿ ಎದ್ದು ಓಡಾಡ್ತಾ ಇರ್ತಾರೆ, ಅವರಿಗೆ ಜರ್ಕಿನ್ನೇ ಅನುಕೂಲ, ಕೂತಾಗ ಮಾತ್ರ ಕಂಬಳಿ. ಬೈಕಲ್ಲಿ ಹೋಗಿ ಬರೋಕೂ ಜರ್ಕಿನ್ನೇ.

ಎರಡು ಎಚ್ಚರಿಕೆ. ಚಳಿಗೆ ಅಂತ ಒಂದು ಕ್ವಾರ್ಟರ್ ಹಾಕಿದ್ರೆ ಚರ್ಮಕ್ಕೆ ರಕ್ತ ನುಗ್ಗಿ ಬಿಸಿ ಅನ್ಸುತ್ತೆ, ಆದ್ರೆ ಒಳಗಿನ ಶಾಖ ಬೇಗ ಹೊರಗೆ ಹೋಗುತ್ತೆ. ಇನ್ನೊಂದು, ಬಾಗಿಲು ಹಾಕಿದ ಪಂಪ್ ಮನೇಲಿ ಕೆಂಡದ ಬಾಣಲೆ ಇಟ್ಕೊಂಡು ಮಲಗಬೇಡಿ. ಆ ಹೊಗೆಗಾಳಿಗೆ ವಾಸನೆ ಇರಲ್ಲ, ಮಲಗಿದೋನು ಏಳಲ್ಲ.

ಕೆಲವರು ಅಂತಾರೆ, ನಮ್ಮಪ್ಪ ತಾತ ಬರೀ ಪಂಚೇಲಿ ಹೊಲ ಕಾಯ್ಲಿಲ್ವಾ ಅಂತ. ಕಾದ್ರು, ಆದ್ರೆ ಹೆಗಲ ಮೇಲೆ ಕಂಬಳಿ ಇತ್ತು. ಅದನ್ನ ಬಿಟ್ಟೋರು ನಾವು. ಮೋಟಾರ್ ಸುಟ್ರೆ ರಿವೈಂಡಿಂಗ್‌ಗೆ ಸಾಲ ಮಾಡಿಯಾದ್ರೂ ದುಡ್ಡು ಹೊಂದಿಸ್ತೀವಿ. ಮೋಟಾರ್ ಪಕ್ಕ ಕೂರೋ ಮನುಷ್ಯನ ಕಂಬಳಿಗೆ ಮಾತ್ರ "ಮುಂದಿನ ವರ್ಷ ನೋಡೋಣ". ಕಂಬಳಿನೂ ಗುದ್ದಲಿ, ಪಂಪಿನ ಹಾಗೇ ಒಂದು ಸಾಮಾನು ಅಂತ ಲೆಕ್ಕಕ್ಕೆ ಬರೀರಿ.

ಇನ್ನೊಂದು ಮಾತು ಹೇಳದೆ ಬಿಟ್ರೆ ಅರ್ಧ ಸತ್ಯ ಹೇಳಿದ ಹಾಗೆ. ಹಂದಿ ಕಾಯೋದು, ಅಡಿಕೆ ಕಾಯೋದು ನಮ್ಮ ಕರ್ಮ. ಆದ್ರೆ ನೀರಿಗೋಸ್ಕರ ರಾತ್ರಿ ಕೂರೋದು ಯಾರೋ ಹಾಕಿದ ಟೈಮ್‌ಟೇಬಲ್. ಪಂಪ್‌ಸೆಟ್‌ಗೆ ಕೊಡೋ 7 ಗಂಟೆ ಕರೆಂಟನ್ನ ಹಗಲಲ್ಲೇ ಕೊಡಲಿ ಅಂತ ಊರೂರಿಂದ ಬರೆದು ಕೊಡಬೇಕು. ಸೋಲಾರ್ ಫೀಡರ್ ಬಂದ ಕಡೆ ಹಗಲು ಕೊಡೋಕೆ ದಾರಿ ಇದೆ. ಅಲ್ಲಿವರೆಗೆ ಕಂಬಳಿ ಬೇಕು, ಆದ್ರೆ ಕಂಬಳಿ ಇದೆ ಅಂತ ಕೇಳೋದು ಬಿಡಬಾರದು.

ಈ ವರ್ಷ ಅಪ್ಪಂಗೆ ಕಂಬಳಿ ಬಂದಿದೆ, ಹುಲ್ಲಿನ ಚೀಲನೂ ಆಗಿದೆ. ರಾತ್ರಿ ಪಾಳಿ ಮಾತ್ರ ನನ್ನದೇ. ಅವರು ಬೆಳಗ್ಗೆ ಕಾಫಿ ತಂದು ಕೊಟ್ಟು ಅದೇ ಕಂಬಳಿ ಹೊದ್ದು ಬಿಸಿಲಿಗೆ ಕೂರ್ತಾರೆ.