‘ಸ್ಲೀಪ್ 5’ ಹಾಕುವ ಸೀನಿಯರ್‌ಗಳಿಗೆ

ಸ್ಕ್ರಿಪ್ಟ್ ಸಿಕ್ಕಿಕೊಂಡ ಕೂಡಲೇ ಮಧ್ಯ ಒಂದು ‘ಸ್ಲೀಪ್ 5’ ತುರುಕಿ ಚಾ ಕುಡಿಯಲು ಹೋಗುವ ಸೀನಿಯರ್‌ಗಳೇ, ನನ್ನ ಜಗಳ ನಿಮ್ಮ ಹತ್ತಿರವೇ.

ಕಳೆದ ಮಳೆಗಾಲ ಕುಂದಾಪುರದ ಮನೆಯಿಂದ ಕೆಲಸ ಮಾಡ್ತಿದ್ದೆ. ರಾತ್ರಿ ಹನ್ನೊಂದಕ್ಕೆ ಬೈಂದೂರಿನ ಹುಡುಗನ ಫೋನು, ಟೀಮಿಗೆ ಹೊಸಬ. “ಅಣ್ಣಾ, ಎಂತ ಮಾಡ್ರೂ ಉತ್ರ ಬತ್ತಿಲ್ಲೆ. ಟರ್ಮಿನಲ್ಲಂಗೆ ಸಮಾ ಓಡತ್ತ್.” ಬ್ಯಾಶ್ ಸ್ಕ್ರಿಪ್ಟು ‘ಸೆಡ್’ ಅನ್ನು ಕೋಪ್ರೋಸೆಸ್ ಮಾಡಿಕೊಂಡು ಅಂಗಡಿಯ ಹೆಸರು ಒಂದೊಂದೇ ಕಳಿಸಿ, ತಿದ್ದಿದ್ದನ್ನು ಒಂದೊಂದೇ ಓದಬೇಕು. ಮೊದಲನೆಯದಕ್ಕೇ ನಿಂತಿತು.

ಸೀನಿಯರ್ ಮೊದಲು ಸ್ಲೀಪ್ ಹಾಕಿದರು. ಆಗಲಿಲ್ಲ. ಎರಡು ಸೆಕೆಂಡಿನ ಟೈಮ್‌ಔಟ್ ಹಾಕಿದರು. “ಓಡ್ತಲ್ಲ!” ಓಡಿತು ಹೌದು. ಬೆಳಿಗ್ಗೆ ನೋಡಿದರೆ ಒಬ್ಬರ ಹೆಸರು ಇನ್ನೊಬ್ಬರ ಬಿಲ್ಲಿನ ಮೇಲೆ! ಬೈಗುಳ ತಿಂದದ್ದು ಹುಡುಗ.

ಆದದ್ದು ಇಷ್ಟು. ಸಿ ಲೈಬ್ರರಿ ಎದುರಿಗೆ ಟರ್ಮಿನಲ್ ಇದ್ದರೆ ಸಾಲು ಮುಗಿದ ಕೂಡಲೇ ಹೊರಗೆ ಕಳಿಸುತ್ತದೆ. ಪೈಪ್ ಇದ್ದರೆ ಬಫರ್ ತುಂಬುವವರೆಗೆ ಇಟ್ಟುಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 4,096 ಬೈಟ್. ಸೀಟು ಭರ್ತಿ ಆಗದೆ ಹೊರಡದ ಟೆಂಪೋ ಇದ್ದ ಹಾಗೆ. ನೀವು ಐದು ಸೆಕೆಂಡ್ ಕಾದರೂ ಐದು ಗಂಟೆ ಕಾದರೂ ಅದಕ್ಕೇನು? ಟೈಮ್‌ಔಟ್ ಹಾಕಿದರೆ ಇನ್ನೂ ಕೆಟ್ಟದ್ದು: ಉತ್ತರವೇ ಇಲ್ಲದೆ ಹೆಸರುಗಳು ದಾಟಿ ಹೋಗುತ್ತವೆ, ಬಫರ್ ತುಂಬಿದ ದಿನ ಮೊದಲನೆಯವನ ಉತ್ತರ ನೂರನೆಯದೋ ಇನ್ನೂರನೆಯದೋ ಖಾತೆಗೆ ಬಂದು ಕೂರುತ್ತದೆ.

“ಕೋಪ್ರೋಸೆಸ್ಸೇ ಸರಿಯಿಲ್ಲ” ಅಂತ ಒಂದು ರಾಗ ಬೇರೆ. ಕಾರ್ನ್ ಶೆಲ್‌ನಲ್ಲಿ 1988ರಿಂದಲೂ ಇದೆ ಮಾರಾಯ್ರೆ, ಬ್ಯಾಶ್‌ಗೆ 2009ರಲ್ಲಿ 4.0 ಜೊತೆ ಬಂತು.

ಊಹೆ ಬಿಟ್ಟು ಎರಡೂ ಪ್ರೋಸೆಸ್‌ಗೆ ‘ಎಸ್‌ಟ್ರೇಸ್’ ಹಾಕಿ ನೋಡಿ. ಎರಡೂ ‘ರೀಡ್’ನಲ್ಲಿ ಕೂತಿದ್ದರೆ ಒಂದೋ ಉತ್ತರ ಬಫರಿನಲ್ಲಿದೆ, ಇಲ್ಲವೇ ಅದು ಇನ್‌ಪುಟ್ ಮುಗಿಯಲಿ ಅಂತ ಕಾಯುತ್ತಿದೆ. ‘ಸಾರ್ಟ್’ ಎರಡನೇ ಜಾತಿ. ನೀವು ಬರೆಯುವ ತುದಿ ಮುಚ್ಚದೆ ಅದು ಬಾಯಿ ಬಿಡುವುದಿಲ್ಲ. ಆ ತುದಿಯ ಒಂದು ನಕಲು ಎಲ್ಲೋ ತೆರೆದಿದ್ದರೂ ಮುಚ್ಚಿದಂತಲ್ಲ (ಇದಕ್ಕೇ ನನ್ನ ಒಂದು ಇಡೀ ಭಾನುವಾರ ಹೋಗಿದೆ). ಎರಡೂ ‘ರೈಟ್’ನಲ್ಲಿದ್ದರೆ ನೀವು ಓದದೆ ಬರೀ ತುಂಬಿಸಿದ್ದೀರಿ, ಪೈಪ್ ಭರ್ತಿ.

ಬಫರಿನ ಕಾಯಿಲೆಗೆ ಸೆಡ್‌ನಲ್ಲೂ ಪೈಥಾನ್‌ನಲ್ಲೂ ‘ಮೈನಸ್ ಯು’ ಇದೆ, ಗ್ರೆಪ್‌ಗೆ ‘ಲೈನ್ ಬಫರ್ಡ್’. ‘ಎಸ್‌ಟಿಡಿ ಬಫ್’ ಎಲ್ಲದಕ್ಕೂ ಮದ್ದು ಅಂದುಕೊಳ್ಳಬೇಡಿ, ಪೈಥಾನ್ ಅದರ ಮಾತು ಕೇಳುವುದಿಲ್ಲ.

ಆ ರಾತ್ರಿ ನಾವು ಟೈಮ್‌ಔಟ್ ತೆಗೆದು ‘ಮೈನಸ್ ಯು’ ಹಾಕಿದೆವು. ಹತ್ತು ನಿಮಿಷದ ಕೆಲಸ. “ಡೇಟಾ ಸರಿಯಾಗಿ ನೋಡಿಲ್ಲ” ಅಂತ ಹುಡುಗನ ಹೆಸರಿಗೆ, ಇಡೀ ಟೀಮಿಗೆ ಕಾಪಿ ಹಾಕಿ ಬಂದ ಮೇಲ್ ಮಾತ್ರ ಹಾಗೇ ಇದೆ. ಅದನ್ನು ತಿದ್ದಿ ಇನ್ನೊಂದು ಮೇಲ್ ಇವತ್ತಿನವರೆಗೆ ಬಂದಿಲ್ಲ.